ಓದುಗರ ಓಣಿ: ಒಂದೇ ಸೇರಿನಾಗ ಎಲ್ಲಾ ಕಾದಂಬರಿ ಅಳೀಬ್ಯಾಡ್ರಿ

ಈ ಸಲ ಬಂದ ಪತ್ರಗಳೆಲ್ಲ ಕಥೆ-ಕಾದಂಬರಿ ಓದಿನವೇ. ಉದ್ದದ ಪತ್ರಗಳನ್ನು ಪ್ರಶ್ನೆ ಉಳಿಯುವಷ್ಟಕ್ಕೆ ಮೊಟಕು ಮಾಡಿದ್ದೇವೆ. ಮಾತಿನ ಧಾಟಿ ಬರೆದವರದೇ.

ಈ ಮಳಿಗಾಲದಾಗ ನಾಲ್ಕು ಪುಸ್ತಕ ಮುಗಿಸೀನಿ: ‘ತೇಜೋ ತುಂಗಭದ್ರಾ’, ಎರಡನೇ ಸಲ ‘ಕರ್ವಾಲೊ’, ಎನ್. ನರಸಿಂಹಯ್ಯನವರದೊಂದು ಹಳೇ ಪತ್ತೇದಾರಿ, ಮತ್ತ ‘ಘಾಚರ್ ಘೋಚರ್’. ಓದಿದ್ದಕ್ಕೆಲ್ಲ ವಹಿಯೊಳಗ ಐದಕ್ಕ ಇಷ್ಟು ಅಂತ ಮಾರ್ಕ್ಸ್ ಹಾಕೂ ರೂಢಿ ನಂದು. ನಾಲ್ಕಕ್ಕೂ ನಾಲ್ಕ ನಾಲ್ಕ ಬಿದ್ದಾವ. ನಾಲ್ಕೂ ಒಂದೇ ತೂಕದ್ದು ಅಂದ್ರ ಮನಸ್ಸು ಒಪ್ಪವಲ್ದು. ಎಲ್ಲಿ ತಪ್ಪೇತಿ?
— ಸಪ್ತಾಪುರ, ಧಾರವಾಡ

ಮಾರ್ಕ್ಸಿನಲ್ಲಿ ತಪ್ಪಿಲ್ಲ, ಸೇರಿನಲ್ಲಿ ತಪ್ಪಿದೆ. ಜೋಳ ಅಳೆಯುವ ಸೇರಿನಲ್ಲೇ ಎಣ್ಣೆಯನ್ನೂ ಅಳೆದಿದ್ದೀರಿ. ಕಾದಂಬರಿ ಯಾವುದೇ ಇರಲಿ, ಮೊದಲ ಇಪ್ಪತ್ತು-ಮೂವತ್ತು ಪುಟಗಳೊಳಗೆ ಓದುಗನಿಗೆ ಒಂದು ಮಾತು ಕೊಟ್ಟಿರುತ್ತದೆ. ಆ ಮಾತು ಯಾವುದೆಂದು ಗುರುತಿಸಿ, ಕೊನೆಗೆ ಅದು ಉಳಿಯಿತೇ ಎಂದು ನೋಡಬೇಕು. ನಿಮ್ಮ ನಾಲ್ಕೂ ಪುಸ್ತಕಗಳು ಕೊಟ್ಟ ಮಾತು ನಾಲ್ಕು ತೆರ.

ಪತ್ತೇದಾರಿಯ ಮಾತು ಸರಳ: ಗುಟ್ಟು ಒಡೆಯುತ್ತೇನೆ, ನಡುವೆ ಮೋಸ ಮಾಡುವುದಿಲ್ಲ. ಮುಗಿಸಿದ ಮೇಲೆ ಪೆನ್ಸಿಲ್ ಹಿಡಿದು ಹಿಂದಕ್ಕೆ ಹೋಗಿ. ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಐದು ಸುಳಿವು ಎಣಿಸಿ ಹೇಳಿದ್ದರೆ, ಆ ಐದೂ ನಿಮ್ಮ ಕಣ್ಣಿಗೆ ಯಾವ ಪುಟದಲ್ಲಿ ಬಿದ್ದಿದ್ದವೆಂದು ಗುರುತು ಹಾಕಿ. ಮೂರು ಸಿಗಲೇ ಇಲ್ಲವೆಂದರೆ ಲೇಖಕರು ಅವನ್ನು ಕಿಸೆಯಿಂದ ತೆಗೆದು ಕೊಟ್ಟರೆಂದೇ ಲೆಕ್ಕ. ಅಪರಾಧಿ ಪುಸ್ತಕದ ಮೊದಲ ಮೂರನೇ ಒಂದು ಭಾಗದೊಳಗೆ ಒಮ್ಮೆಯಾದರೂ ಮುಖ ತೋರಿಸಿದ್ದಾನೆಯೇ ಎಂಬುದನ್ನೂ ನೋಡಿ. ನರಸಿಂಹಯ್ಯನವರ ಪುಸ್ತಕಗಳ ಮಟ್ಟಿಗೆ ಮಾತ್ರ ಈ ಪರೀಕ್ಷೆ ಅರ್ಧ ಸಾಕು. ಅವು ಸುಳಿವಿಗಿಂತ ಓಟವನ್ನು ನಂಬಿದ ಬರಹ; ವೇಷ, ಬೆನ್ನಟ್ಟುವಿಕೆ, ಅಧ್ಯಾಯದ ತುದಿಗೊಂದು ಗಂಟು. ಓದುತ್ತ ಎಷ್ಟು ಸಲ ಎದ್ದಿರಿ ಎಂಬುದೇ ಅಲ್ಲಿ ಸೇರು. ನಾಲ್ಕನೇ ಇಯತ್ತೆಯವರೆಗೆ ಓದಿದವರೊಬ್ಬರು ನೂರಾರು ಕಾದಂಬರಿ ಬರೆದು, ಅಕ್ಷರ ಕೂಡಿಸಿ ಓದುವವರನ್ನೂ ಕನ್ನಡದ ಗಿರಾಕಿ ಮಾಡಿದರು. ಅದನ್ನು ‘ಬರೇ ಪತ್ತೇದಾರಿ’ ಎಂದು ಬದಿಗೆ ಸರಿಸುವುದು ನಮಗೆ ಒಪ್ಪಿಗೆಯಿಲ್ಲ.

‘ಕರ್ವಾಲೊ’ (1980) ಎರಡನೇ ಓದಿಗೆ ಬೇರೆ ಪುಸ್ತಕವೇ ಆಗುತ್ತದೆ. ಮೊದಲ ಸಲ ಎಲ್ಲರೂ ಹಾರುವ ಓತಿಯ ಬೆನ್ನು ಹತ್ತುತ್ತಾರೆ. ಆ ಪ್ರಾಣಿ ಕಟ್ಟುಕಥೆಯದಲ್ಲ, ಪಶ್ಚಿಮ ಘಟ್ಟದಲ್ಲಿ ಇರುವಂಥದೇ. ಪಕ್ಕೆಲುಬುಗಳು ಹೊರಚಾಚಿ, ನಡುವಿನ ಚರ್ಮ ಕೊಡೆಯಂತೆ ಬಿಚ್ಚಿಕೊಂಡು, ಅದು ಮರದಿಂದ ಮರಕ್ಕೆ ತೇಲುತ್ತದೆ. ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ಎರಡನೇ ಸಲ ಓತಿಯನ್ನು ಬಿಟ್ಟು ಅದನ್ನು ಹುಡುಕಲು ಹೊರಟ ಗುಂಪನ್ನು ನೋಡಿ. ಅಷ್ಟು ಓದಿದ ವಿಜ್ಞಾನಿಗೆ ಹಳ್ಳಿಗ ಮಂದಣ್ಣನ ಕಣ್ಣು ಯಾಕೆ ಬೇಕಾಯಿತು? ಯಾರು ಏನನ್ನು ಮೊದಲು ಕಂಡರು? ಅದನ್ನೇ ಅಂಚಿನಲ್ಲಿ ಬರೆಯುತ್ತ ಹೋಗಿ.

‘ಘಾಚರ್ ಘೋಚರ್’ (2013) ತೆಳ್ಳಗಿನ ನೀಳ್ಗತೆ. ಕಥೆ ಹೇಳುವವನಿಗೆ ಹೆಸರಿಲ್ಲ, ಮೊದಲ ಸುಳಿವು ಅದೇ. ಮನೆಯವರನ್ನು ಅವನು ಸಮರ್ಥಿಸಿಕೊಳ್ಳುವ ಜಾಗಗಳನ್ನೆಲ್ಲ ಗೆರೆ ಹಾಕಿ, ಪಕ್ಕದಲ್ಲಿ ಅವನ ಹೆಂಡತಿ ಅನಿತಾ ಏನಂದಳೆಂದು ಬರೆಯಿರಿ. ಎರಡು ಸಾಲು ಎದುರುಬದರು ನಿಂತಾಗ ಪುಸ್ತಕ ಕೊಟ್ಟ ಮಾತು ಕಾಣುತ್ತದೆ: ನಾನು ಹೇಳದೆ ಬಿಟ್ಟದ್ದನ್ನು ನೀನು ಕಂಡುಹಿಡಿ.

ಇನ್ನು ‘ತೇಜೋ ತುಂಗಭದ್ರಾ’ (2019). ಲಿಸ್ಬನ್ನಿನ ಗೇಬ್ರಿಯಲ್-ಬೆಲ್ಲಾ ಒಂದು ದಂಡೆ, ವಿಜಯನಗರದ ಕಡೆಯ ಹಂಪಮ್ಮ-ಕೇಶವ ಇನ್ನೊಂದು. ಮಧ್ಯದಲ್ಲಿ ಓದು ಸಡಿಲಾಗುವುದು ಸಾಮಾನ್ಯವಾಗಿ ಎರಡು ಊರಿನ ಕಾಲ ತಲೆಯಲ್ಲಿ ಕಲಸಿಹೋದಾಗ. ಒಂದು ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ: 1497 ಪೋರ್ಚುಗಲ್ಲಿನಲ್ಲಿ ಯೆಹೂದಿಗಳ ಬಲವಂತದ ಮತಾಂತರ, 1506 ಲಿಸ್ಬನ್ನಿನ ಹತ್ಯಾಕಾಂಡ. ಬಲಕ್ಕೆ: 1498 ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ, 1509 ಕೃಷ್ಣದೇವರಾಯ ಪಟ್ಟಕ್ಕೆ, 1510 ಗೋವೆ ಪೋರ್ಚುಗೀಸರಿಗೆ. ಈ ಐದು ವರ್ಷ ಕಣ್ಣ ಮುಂದಿದ್ದರೆ ಅಧ್ಯಾಯ ಬದಲಾದಾಗ ಹಿಂದಕ್ಕೆ ಪುಟ ತಿರುವುವ ಕೆಲಸ ತಪ್ಪುತ್ತದೆ.

ವಹಿಯಲ್ಲಿ ಪುಸ್ತಕಕ್ಕೊಂದು ಪುಟ ಇಡಿ. ಯಾವ ಮುದ್ರಣ, ಕಥೆ ಯಾರು ಹೇಳುತ್ತಾರೆ, ಯಾವ ಪುಟದಲ್ಲಿ ಓದು ನಿಧಾನವಾಯಿತು ಮತ್ತು ಅದು ಪುಸ್ತಕದ ತಪ್ಪೋ ನಿಮ್ಮ ನಿದ್ದೆಯ ತಪ್ಪೋ, ಕೊನೆಗೆ ಇಳಿಸಿಕೊಂಡ ಒಂದು ವಾಕ್ಯ. ಮಾರ್ಕ್ಸ್ ಹಾಕಲೇಬೇಕೆಂದಿದ್ದರೆ ಪತ್ತೇದಾರಿಯನ್ನು ಪತ್ತೇದಾರಿಯ ಪಕ್ಕ, ಐತಿಹಾಸಿಕವನ್ನು ಐತಿಹಾಸಿಕದ ಪಕ್ಕ ಇಟ್ಟು ಹಾಕಿ.

ಐತಿಹಾಸಿಕ ಕಾದಂಬರಿ ಓದಬೇಕಾದ್ರ ಲೇಖಕರು ಹೇಳಿದ್ದು ಖರೇನೋ ಸುಳ್ಳೋ ತಿಳಿಯೂದು ಹೆಂಗ? ನಾವೇನು ಶಾಸನ ಓದಿದವರಲ್ಲ.
— ಗದಗ

ಶಾಸನ ಬೇಡ, ಅಡುಗೆಮನೆಯಿಂದ ಶುರು ಮಾಡಿ. ಲಕ್ಕುಂಡಿಯ ಚಾಲುಕ್ಯರ ಕಾಲದ ಮನೆಯೊಂದರಲ್ಲಿ ಊಟಕ್ಕೆ ಕೂತಿದ್ದಾರೆ ಎಂದುಕೊಳ್ಳಿ. ತಾಟಿನಲ್ಲಿ ಜೋಳದ ರೊಟ್ಟಿ ಇದ್ದರೆ ತಕರಾರಿಲ್ಲ. ಅನ್ನದ ಋಣಕ್ಕೆ ‘ಜೋಳವಾಳಿ’ ಎನ್ನುವ ಮಾತು ಪಂಪನ ಕಾಲಕ್ಕೇ ಇತ್ತು. ಆದರೆ ರೊಟ್ಟಿಯ ಪಕ್ಕ ಕೆಂಪು ಖಾರ, ಶೇಂಗಾ ಹಿಂಡಿ, ಬಟಾಟಿ ಪಲ್ಯ ಬಂದವೋ, ಲೇಖಕರು ಎಡವಿದರು. ಮೆಣಸಿನಕಾಯಿ, ಶೇಂಗಾ, ಬಟಾಟಿ, ಟೊಮೆಟೊ, ಗೋವಿನಜೋಳ, ಪೇರಲ, ಗೋಡಂಬಿ, ತಂಬಾಕು ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರ ಹಡಗು ಬರುವ ಮೊದಲು ಇಲ್ಲಿ ಇರಲಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕ ಮೇಲೆ ಅದು ಅನಾದಿ ಕಾಲದಿಂದ ನಮ್ಮದೇ ಎನ್ನಿಸುತ್ತದೆ, ನಿಜ. ಹೆಸರೇ ಬೇರೆ ಹೇಳುತ್ತದೆ: ಖಾರಕ್ಕೆ ಮೊದಲು ಇದ್ದದ್ದು ಕಾಳುಮೆಣಸು, ಹಿಪ್ಪಲಿ, ಆಮೇಲೆ ಬಂದ ಕಾಯಿ ‘ಮೆಣಸಿನ’ ಕಾಯಿ ಆಯಿತು. ‘ಬಟಾಟಿ’ಯಂತೂ ಪೋರ್ಚುಗೀಸ್ ಶಬ್ದವೇ.

ಅಡುಗೆಮನೆ ದಾಟಿದರೆ ಹೊತ್ತು ಮತ್ತು ಹಣ. ಹತ್ತನೇ ಶತಮಾನದ ದಂಡನಾಯಕ ‘ಹತ್ತು ನಿಮಿಷದಲ್ಲಿ ಬರುತ್ತೇನೆ’ ಎನ್ನುವಂತಿಲ್ಲ. ಅವನ ಲೆಕ್ಕ ಗಳಿಗೆಯದು; ಗಳಿಗೆ ಅಂದರೆ ಈಗಿನ 24 ನಿಮಿಷ, ದಿನಕ್ಕೆ 60 ಗಳಿಗೆ. ಜಾವವೆಂದರೆ ಮೂರು ತಾಸು. ಚಾಲುಕ್ಯರ ಪೇಟೆಯಲ್ಲಿ ಗದ್ಯಾಣ, ಪಣ ಓಡಾಡಬೇಕೇ ಹೊರತು ರೂಪಾಯಿ ಅಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂಬ ಪ್ರಸಂಗ ಬಂದರೆ ಕೈಯಲ್ಲಿ ಓಲೆಗರಿ ಇರಬೇಕು, ಕಾಗದ ಸರಸರ ಎನ್ನಬಾರದು.

ನೀವು ಗದಗಿನವರು, ಲಕ್ಕುಂಡಿ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿ. ಅತ್ತಿಮಬ್ಬೆಯನ್ನು ಹೊಗಳುವ 1007ರ ಶಾಸನ ಅಲ್ಲಿನದೇ. ಕಾದಂಬರಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಗುಡಿಯ ವರ್ಣನೆಯಿರುವ ಪುಟವನ್ನು ಕಾಶಿವಿಶ್ವೇಶ್ವರ ಗುಡಿಯ ಬಾಗಿಲಲ್ಲಿ ನಿಂತು ಓದಿ. ಅಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು ಅದು ಬಳಪದ ಕಲ್ಲು ಎಂಬ ಕಾರಣಕ್ಕೆ. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ‘ಕಗ್ಗಲ್ಲನ್ನು ಸೀಳಿ ಹೂ ಅರಳಿಸಿದ ಶಿಲ್ಪಿ’ ಎಂದು ಬರೆದವರು ಲಕ್ಕುಂಡಿಗೆ ಬಂದಿಲ್ಲ ಅಂತಲೇ ತಿಳಿಯಿರಿ.

ಆದರೂ ಮೆಣಸಿನಕಾಯಿಗಾಗಿ ಪುಸ್ತಕ ಎಸೆಯಬೇಡಿ. ಅದು ಒಂದು ಗೆರೆ ಹೊಡೆದರೆ ಹೋಗುವ ತಪ್ಪು. ಹನ್ನೆರಡನೇ ಶತಮಾನದ ಹೆಂಗಸು ಇವತ್ತಿನ ಸಂಪಾದಕೀಯದ ಭಾಷೆಯಲ್ಲಿ ಯೋಚಿಸತೊಡಗಿದರೆ ಮಾತ್ರ ಗೆರೆ ಹೊಡೆದು ತಿದ್ದಲು ಬರುವುದಿಲ್ಲ. ಇನ್ನೊಂದು ಮಾತು, ಇಂಥ ಕಾದಂಬರಿಯಲ್ಲಿ ‘ಮುಂದೇನು’ ಎಂಬ ಕುತೂಹಲ ಹುಡುಕಬೇಡಿ. ‘ದುರ್ಗಾಸ್ತಮಾನ’ದ ಹೆಸರಿನಲ್ಲೇ ಕೊನೆ ಇದೆ, 1779ರಲ್ಲಿ ಚಿತ್ರದುರ್ಗ ಹೈದರನ ಕೈಸೇರಿತೆಂದು ಓದುಗನಿಗೂ ಗೊತ್ತು, ತ.ರಾ.ಸು. ಅವರಿಗೂ ಗೊತ್ತು. ಗೊತ್ತಿದ್ದೂ ಕೋಟೆ ಉಳಿದೀತೇನೋ ಎಂದು ನಿಮಗೆ ಎಷ್ಟು ಸಲ ಅನ್ನಿಸಿತು, ಅದನ್ನು ಎಣಿಸಿ.

ನಾನು ಮೈಸೂರು ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದು ಎರಡು ವರ್ಷ. ‘ಗಂಗವ್ವ ಗಂಗಾಮಾಯಿ’, ‘ಗ್ರಾಮಾಯಣ’ ಎರಡನ್ನೂ ಅತ್ತೆಯವರು ಓದಲು ಕೊಟ್ಟರು. ಸಂಭಾಷಣೆ ಬಂದ ಕಡೆಯೆಲ್ಲ ತಡವರಿಸುತ್ತೇನೆ. ನಿಘಂಟು ನೋಡಿದರೆ ಸಿಗುವುದಿಲ್ಲ.
— ನವನಗರ, ಹುಬ್ಬಳ್ಳಿ

ನಿಘಂಟು ಮುಚ್ಚಿ, ಬಾಯಿ ತೆರೆಯಿರಿ. ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ 1956ರದು, ರಾವಬಹಾದ್ದೂರರ ‘ಗ್ರಾಮಾಯಣ’ 1957ರದು, ಎರಡನ್ನೂ ಹೊರತಂದದ್ದು ಧಾರವಾಡದ ಮನೋಹರ ಗ್ರಂಥಮಾಲೆ. ಎರಡೂ ಕಿವಿಗೆ ಬರೆದ ಸಂಭಾಷಣೆ. ಮೊದಲ ಇಪ್ಪತ್ತು ಪುಟದ ಮಾತುಗಳನ್ನು ಅತ್ತೆಯವರಿಂದ ಗಟ್ಟಿಯಾಗಿ ಓದಿಸಿ ಕೇಳಿ. ಉಳಿದದ್ದಕ್ಕೆ ಕಿವಿ ತಾನೇ ದಾರಿ ಮಾಡಿಕೊಳ್ಳುತ್ತದೆ.

ನಿಮ್ಮ ಕಡೆಯವರು ಎಡವುವ ಜಾಗ ಬಹಳ ಇಲ್ಲ. ‘ಮನ್ಯಾಗ’ ಅಂದರೆ ಮನೆಯಲ್ಲಿ, ‘ಹೇಳ್ಯಾನ’ ಅಂದರೆ ಹೇಳಿದ್ದಾನೆ. ಇವು ಸಂದರ್ಭದಿಂದಲೇ ತಿಳಿಯುತ್ತವೆ. ಮೋಸ ಮಾಡುವವು ಬೇರೆ. ‘ಬರಂಗಿಲ್ಲ’ ಮತ್ತು ‘ಬರವಲ್ಲ’ ಎರಡನ್ನೂ ನೀವು ‘ಬರುವುದಿಲ್ಲ’ ಎಂದು ಓದಿಕೊಂಡು ಮುಂದೆ ಹೋಗುತ್ತೀರಿ. ‘ಆಂವ ಬರಂಗಿಲ್ಲ’ ಎಂದರೆ ಬರುವ ಮಾತೇ ಇಲ್ಲ. ‘ಆಂವ ಬರವಲ್ಲ’ ಎಂದರೆ ಕರೆಯುತ್ತಲೇ ಇದ್ದೇವೆ, ಮೊಂಡು ಹಿಡಿದಿದ್ದಾನೆ. ಮನೆಯ ಜಗಳದ ಪ್ರಸಂಗದಲ್ಲಿ ಈ ಒಂದು ಕ್ರಿಯಾಪದ ತಪ್ಪಿದರೆ ಯಾರ ಪಕ್ಷ ಯಾವುದೆಂಬುದೇ ತಿರುವುಮುರುವು. ‘ಕೂಡ್ರಿ’ ಅಂದರೆ ಕುಳಿತುಕೊಳ್ಳಿ, ಲೆಕ್ಕ ಕೂಡುವುದಲ್ಲ. ಅಪ್ಪ ಮಗಳನ್ನು ‘ಯವ್ವಾ’ ಎಂದು ಕರೆದರೆ ಅಚ್ಚಿನ ತಪ್ಪೆಂದು ತಿಳಿಯಬೇಡಿ, ಅದು ಮುದ್ದು.

ಇದಕ್ಕಿಂತ ಸೂಕ್ಷ್ಮದ್ದೊಂದಿದೆ. ಒಂದೇ ಊರಿನಲ್ಲಿ ಒಬ್ಬರು ‘ಅದ’ ಅನ್ನುತ್ತಾರೆ, ಇನ್ನೊಬ್ಬರು ‘ಐತಿ’. ಸಾಮಾನ್ಯವಾಗಿ ಬ್ರಾಹ್ಮಣರ ಮನೆಯ ಮಾತಿನಲ್ಲಿ ‘ಅದ’, ಉಳಿದವರ ಮನೆಗಳಲ್ಲಿ ‘ಐತಿ’. ಅಣ್ಣನ ಹೆಂಡತಿಯನ್ನು ‘ವೈನಿ’ ಎಂದು ಕರೆದಲ್ಲಿ ಮರಾಠಿಯ ನೆರಳೂ ಬಿತ್ತು. ಮಾತಾಡುವವರು ಯಾರೆಂದು ಲೇಖಕರು ಹೇಳದೆ ಬಿಟ್ಟ ಕಡೆ ಇವನ್ನು ನೋಡಿಕೊಂಡರೆ ಓಣಿ, ಮನೆ, ಮನೆತನ ಎಲ್ಲ ಹೊಳೆಯುತ್ತವೆ. ಅನುವಾದದಲ್ಲಿ ಮೊದಲು ಸಾಯುವುದೂ ಇದೇ.

ಇಲ್ಲಿಯವರೂ ಬೀಗಬೇಕಾಗಿಲ್ಲ. ನಂಜನಗೂಡು ಸೀಮೆಯ ಮಾತಿನ ‘ಕುಸುಮಬಾಲೆ’ ಕೈಗೆ ಕೊಟ್ಟರೆ ಧಾರವಾಡದ ಘಟಾನುಘಟಿ ಓದುಗರೂ ಐದನೇ ಪುಟಕ್ಕೆ ನೀರು ಕುಡಿಯುತ್ತಾರೆ. ಅತ್ತೆಯವರಿಗೆ ಅದನ್ನು ನೀವು ಗಟ್ಟಿಯಾಗಿ ಓದಿ ಹೇಳಿ, ಲೆಕ್ಕ ಚುಕ್ತಾ.

‘ಮಲೆಗಳಲ್ಲಿ ಮದುಮಗಳು’ ಮೂರು ಸಲ ಹಿಡದೀನಿ, ಮೂರೂ ಸಲ ಅರವತ್ತನೇ ಪುಟದ ಸುಮಾರಿಗೆ ಬಿಟ್ಟೀನಿ. ದಿನಾ ಮಲಗೂಮುಂದ ಹತ್ತು ಪುಟ ಓದೂದು ನನ್ನ ರೂಢಿ.
— ರಾಣೆಬೆನ್ನೂರು

ರೂಢಿಯೇ ಅಡ್ಡ ಬಂದಿದೆ. ಅಷ್ಟು ಜನ ಓಡಾಡುವ ಕಾದಂಬರಿಯನ್ನು ದಿನಕ್ಕೆ ಹತ್ತು ಪುಟದಂತೆ ಓದಿದರೆ ಸೋಮವಾರ ಬಂದವರು ಗುರುವಾರಕ್ಕೆ ಮರೆತಿರುತ್ತಾರೆ. ಮೊದಲ ನೂರೈವತ್ತು ಪುಟವನ್ನು ನಲವತ್ತು ನಲವತ್ತರಂತೆ, ಹಗಲು ಹೊತ್ತು, ನಾಲ್ಕು ಕೂತಾಟದಲ್ಲಿ ಮುಗಿಸಿ. ಆಮೇಲೆ ಹತ್ತು ಪುಟದ ರೂಢಿಗೆ ಮರಳಬಹುದು.

ಮನುಷ್ಯರ ಪಟ್ಟಿ ಮಾಡಬೇಡಿ, ಮನೆಗಳ ಪಟ್ಟಿ ಮಾಡಿ. ಪುಟದ ಗುರುತಿಗೆ ಇಡುವ ಚೀಟಿಯ ಮೇಲೆ ಸಿಂಬಾವಿ, ಹೂವಳ್ಳಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು ಎಂದು ಬರೆದುಕೊಂಡು ಯಾರು ಬಂದರೂ ಅವರ ಮನೆಯ ಕೆಳಗೆ ಸೇರಿಸಿ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಎಲ್ಲೆಲ್ಲಿ ನಡೆಯುತ್ತಾನೋ ಅಲ್ಲಿಗೆಲ್ಲ ಬಾಣದ ಗುರುತು ಎಳೆಯುತ್ತ ಹೋದರೆ ನಕಾಶೆ ತಾನಾಗಿ ಆಗುತ್ತದೆ. ಬೆನ್ನು ಹತ್ತಬೇಕಾದ ಜೋಡಿ ಮೂರು: ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ. ಎರೆಹೊಲ ನೋಡಿದ ಕಣ್ಣಿಗೆ ಹಾಡ್ಯ, ಬ್ಯಾಣ ಎಂಬ ಶಬ್ದಗಳು ಕಾಲಿಗೆ ತೊಡರುತ್ತವೆ. ಹಾಡ್ಯ ಮನೆಗದ್ದೆಗಳ ಹತ್ತಿರದ ಕುರುಚಲು ಕಾಡು, ಬ್ಯಾಣ ಗುಡ್ಡದ ಹುಲ್ಲುಗಾವಲು. ಅಷ್ಟು ಸಾಕು.

ನಾಲ್ಕನೇ ಸಲವೂ ಆಗದಿದ್ದರೆ ಬಿಡಿ. ಪತ್ತೇದಾರಿಗೆ ಮೂವತ್ತು ಪುಟ, ಸಾಧಾರಣ ಕಾದಂಬರಿಗೆ ಅರವತ್ತು, ಇಂಥ ದೊಡ್ಡದಕ್ಕೆ ಹತ್ತರಲ್ಲೊಂದು ಭಾಗ. ಅಷ್ಟು ಓದಿದ ಮೇಲೆ ಬಿಟ್ಟರೆ ಅಪರಾಧವಲ್ಲ. ಬಿಟ್ಟ ಪುಟದ ಸಂಖ್ಯೆ, ಕಾರಣ ಮಾತ್ರ ಬರೆದಿಡಿ. ಹಾಗೆಯೇ ಒಮ್ಮೆ ಅಕ್ಷರದ ಗಾತ್ರವನ್ನೂ ನೋಡಿ. ಎಷ್ಟೋ ಸಲ ಬದಲಾಗಬೇಕಾದದ್ದು ಚಷ್ಮಾ.

ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ಗೆ ಬೂಕರ್ ಬಂತಲ್ರಿ. ಇಂಗ್ಲಿಷಿನಾಗ ಓದೂದೋ ಕನ್ನಡದಾಗ ಓದೂದೋ?
— ಹಾವೇರಿ

ಕನ್ನಡದಲ್ಲಿ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಇಂಗ್ಲಿಷ್. 2025ರ ಮೇ ತಿಂಗಳಲ್ಲಿ ಬಂದದ್ದು ಅಂತಾರಾಷ್ಟ್ರೀಯ ಬೂಕರ್, ಇಂಗ್ಲಿಷಿಗೆ ಅನುವಾದವಾದ ಪುಸ್ತಕಕ್ಕೆ ಕೊಡುವಂಥದು. ಅದಕ್ಕೇ 50,000 ಪೌಂಡ್ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮಸಮ. ಅದು 1990ರಿಂದ 2023ರವರೆಗಿನ ಕಥೆಗಳಿಂದ ಆರಿಸಿದ 12 ಕಥೆಗಳ ಸಂಕಲನ. ಆದ್ದರಿಂದ ಯಾವುದೋ ಒಂದು ಕನ್ನಡ ಸಂಕಲನ ತೆರೆದು ಅದೇ ಹನ್ನೆರಡು, ಅದೇ ಕ್ರಮದಲ್ಲಿ ಹುಡುಕಬೇಡಿ.

ಒಂದೇ ಬೈಠಕ್ಕಿನಲ್ಲಿ ಹನ್ನೆರಡೂ ಓದಿದರೆ ಎಲ್ಲ ಮನೆಗಳೂ ಒಂದೇ ಮನೆಯಂತೆ ಕಾಣತೊಡಗುತ್ತವೆ; ಸಣ್ಣ ಕಥೆಯ ಸಂಕಲನಗಳು ಕೆಡುವುದೇ ಹೀಗೆ. ದಿನಕ್ಕೊಂದು ಓದಿ. ಯಾವುದಾದರೂ ಒಂದನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ನಂಟಿನ ಶಬ್ದ, ಬೈಗುಳ, ಪ್ರಾರ್ಥನೆಯ ಶಬ್ದಗಳಿಗೆ ಗೆರೆ ಹಾಕಿ. ಕನ್ನಡ, ಉರ್ದು, ಅರಬ್ಬಿ ಶಬ್ದಗಳನ್ನು ಅನುವಾದಕಿ ಓರೆ ಅಕ್ಷರವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ ಹಾಗೇ ಬಿಟ್ಟಿದ್ದಾರೆ. ಎಲ್ಲಿ ಬಿಟ್ಟರು, ಎಲ್ಲಿ ಬದಲಿಸಿದರು ಎಂದು ನೋಡುವುದೇ ಒಂದು ಓದು.

‘ಕಸ್ತೂರಿ’ ಮಾಸಪತ್ರಿಕೆಯ ಪುಸ್ತಕ ವಿಭಾಗದಾಗ ಓದಿದ ಕಾದಂಬರಿ ಓದಿದ ಲೆಕ್ಕಕ್ಕ ಬರತೈತೋ ಇಲ್ಲೋ?
— ದುರ್ಗದ ಬೈಲು, ಹುಬ್ಬಳ್ಳಿ

ಕಥೆ ಗೊತ್ತಾದ ಲೆಕ್ಕಕ್ಕೆ ಬರುತ್ತದೆ. ಅದು ಸಂಗ್ರಹ, ಕತ್ತರಿ ಮೊದಲು ಬೀಳುವುದೇ ವರ್ಣನೆಗೂ ಸುಮ್ಮನಿರುವ ಪಾತ್ರಗಳಿಗೂ.

ನಾವು ಐದು ಮಂದಿ ಹೆಣ್ಮಕ್ಕಳು ತಿಂಗಳಿಗೊಮ್ಮೆ ಕೂಡಿ ಒಂದು ಪುಸ್ತಕದ ಬಗ್ಗೆ ಮಾತಾಡ್ತೇವಿ. ಮೊದಲಿನ ಅರ್ಧ ತಾಸು ಯಾರರೆ ಒಬ್ಬರು ಕಥಿ ಹೇಳೂದರಾಗ ಮುಗೀತದ, ಆಮ್ಯಾಲೆ ಚಹಾ.
— ಬೆಟಗೇರಿ, ಗದಗ

ಕಥೆ ಹೇಳುವುದನ್ನೇ ನಿಲ್ಲಿಸಿ. ಓದದೆ ಬಂದವರಿಗಾಗಿ ಓದಿದವರು ಯಾಕೆ ದುಡಿಯಬೇಕು? ಬದಲಿಗೆ ಪ್ರತಿಯೊಬ್ಬರೂ ಒಂದು ಪುಟ ಆರಿಸಿಕೊಂಡು ಬರಲಿ, ಅದರ ಹತ್ತೇ ಸಾಲು ಗಟ್ಟಿಯಾಗಿ ಓದಲಿ, ಅದನ್ನೇ ಯಾಕೆ ಆರಿಸಿದೆ ಎಂದು ಐದು ನಿಮಿಷ ಹೇಳಲಿ. ಐದು ಜನಕ್ಕೆ ಮುಕ್ಕಾಲು ತಾಸು ಬೇಕು. ಇಬ್ಬರು ಒಂದೇ ಪುಟ ಆರಿಸಿಕೊಂಡು ಬಂದ ದಿನ ಕೂಟ ರಂಗೇರುತ್ತದೆ. ಚಹಾ ನಡುವೆ ಇಡಿ, ಕೊನೆಗೆ ಇಟ್ಟರೆ ಎಲ್ಲರ ಕಣ್ಣೂ ಅಡುಗೆಮನೆಯ ಕಡೆಗೆ. ಮೊದಲ ತಿಂಗಳಿಗೆ ತೆಳ್ಳಗಿನ ಪುಸ್ತಕ ಇರಲಿ, ಮೇಲೆ ಹೇಳಿದ ‘ಘಾಚರ್ ಘೋಚರ್’ ಆದೀತು. ಅದರ ಕೊನೆಯ ಬಗ್ಗೆ ಐವರಲ್ಲಿ ಇಬ್ಬರಾದರೂ ಜಗಳಾಡದಿದ್ದರೆ ನಮಗೆ ಮತ್ತೆ ಬರೆಯಿರಿ.

ಹಳೇ ಪುಸ್ತಕ ಅಗ್ಗಕ್ಕ ಸಿಕ್ಕವು ಅಂತ ಆರು ಕಾದಂಬರಿ ತಂದೆ. ಒಂದರಾಗ 32ನೇ ಪುಟ ಆದ ಮ್ಯಾಲೆ ಸೀದಾ 49 ಬಂತು. ಕೊಳ್ಳೂಮುಂದ ಏನು ನೋಡಬೇಕು?
— ಶಿಗ್ಗಾಂವಿ

ಒಂದು ಫಾರ್ಮು ಬಿಟ್ಟುಹೋಗಿದೆ. ಡೆಮಿ 1/8 ಅಳತೆಯ ಪುಸ್ತಕದಲ್ಲಿ ಹಾಳೆಯ ಎರಡೂ ಬದಿ ಎಂಟೆಂಟು ಪುಟ ಅಚ್ಚಾಗಿ, ಮಡಚಿದಾಗ 16 ಪುಟದ ಒಂದು ಫಾರ್ಮು ಆಗುತ್ತದೆ. ಬೈಂಡಿಂಗಿನಲ್ಲಿ ಒಂದು ಫಾರ್ಮು ಜಾರಿದರೆ ಹದಿನಾರು ಪುಟ ಒಟ್ಟಿಗೇ ಮಾಯ. ಅದಲುಬದಲಾದರೆ ಹಿಂದಿನದು ಮುಂದೆ. ಎರಡು ಸಲ ಸೇರಿದರೆ ಅದೇ ಹದಿನಾರು ಮತ್ತೊಮ್ಮೆ. ಹೀಗಾಗಿ ಎಲ್ಲ ಪುಟ ತಿರುವಬೇಕಾಗಿಲ್ಲ. 16-17, 32-33, 48-49, 64-65, ಹೀಗೆ ಫಾರ್ಮಿನ ಸಂದುಗಳನ್ನಷ್ಟೇ ನೋಡಿ. 240 ಪುಟದ ಪುಸ್ತಕಕ್ಕೆ ಹದಿನಾಲ್ಕು ಸಂದು, ಎರಡು ನಿಮಿಷದ ಕೆಲಸ. ಹಲವು ಹಳೆಯ ಪುಸ್ತಕಗಳಲ್ಲಿ ಫಾರ್ಮಿನ ಮೊದಲ ಪುಟದ ಕೆಳಗೆ ಸಣ್ಣ ಅಂಕಿಯೂ ಇರುತ್ತದೆ. ಪತ್ತೇದಾರಿಯಾದರೆ ಕೊನೆಯ ಫಾರ್ಮನ್ನು ಮೊದಲು ನೋಡಿ, ಕಾರಣ ಹೇಳಬೇಕಾಗಿಲ್ಲ.

ತಂದ ಪುಸ್ತಕ ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ಬಿಸಿಲಿಗೆ ಇಡಬೇಡಿ, ಕಾಗದ ಮುರುಕಾಗುತ್ತದೆ. ನೆರಳಲ್ಲಿ, ಪುಟ ಬಿಡಿಸಿ ನಿಲ್ಲಿಸಿ ಮೂರು ದಿನ ಗಾಳಿಗೆ ಬಿಡಿ. ಹರಿದ ಪುಟಕ್ಕೆ ಸೆಲ್ಲೋಟೇಪು ಹಚ್ಚಿದರೆ ಕೆಲವು ವರ್ಷಕ್ಕೆ ಹಳದಿಗಟ್ಟಿ ಅಕ್ಷರ ಮುಚ್ಚುತ್ತದೆ. ತೆಳುವಾದ ಕಾಗದದ ಪಟ್ಟಿಯನ್ನು ಮೈದಾ ಅಂಟಿನಿಂದ ಹಚ್ಚಿ. ಬರೇ ಮೈದಾ ಹುಳಕ್ಕೆ ಹಬ್ಬ. ಬೈಂಡಿಂಗಿನವರು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವುದು ಅದಕ್ಕೇ. ಅದು ವಿಷ, ಆ ಪುಟ ಮುಟ್ಟಿದ ಬೆರಳಿಗೆ ಉಗುಳು ಹಚ್ಚಿ ಮುಂದಿನ ಪುಟ ತಿರುವಬೇಡಿ.